ಜನರಲ್ ಡ್ಯೂಮಾ: ಮಗನ ಕಾದಂಬರಿಯ ಮರೆಯಲ್ಲಿ ನಿಂತ ಸೇನಾನಿ

ಅಲೆಕ್ಸಾಂದ್ರ್ ಡ್ಯೂಮಾ ಎಂದೊಡನೆ ಸಾಹಿತ್ಯಾಭ್ಯಾಸಿಗಳಿಗೆ ನೆನಪಾಗುವುದು ‘ಥ್ರೀ ಮಸ್ಕೆಟಿಯರ್ಸ್’ ಮತ್ತು ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ಕಾದಂಬರಿಗಳು. ಆದರೆ ಈ ಹೆಸರನ್ನು ಮೊದಲು ಧರಿಸಿದವನು ಕಾದಂಬರಿಕಾರನ ತಂದೆ. ಫ್ರಾನ್ಸಿನ ಸೇನೆಯಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿ ಏಳೇ ವರ್ಷಗಳಲ್ಲಿ ಸೇನಾಪತಿಯ ಪದವಿಗೇರಿದ ತೋಮಾ ಅಲೆಕ್ಸಾಂದ್ರ್ ಡ್ಯೂಮಾ ಎಂಬ ಈ ಸೇನಾನಿಯನ್ನು ಇತಿಹಾಸವು ಬಹುಕಾಲ ಮರೆತಿತ್ತು. ಟಾಮ್ ರೈಸ್ ಬರೆದ ‘ದಿ ಬ್ಲ್ಯಾಕ್ ಕೌಂಟ್’ ಎಂಬ ಜೀವನಚರಿತ್ರೆಗೆ 2013ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದ ಮೇಲೆ ಈ ಮರೆವು ಬಹುಮಟ್ಟಿಗೆ ತೊಲಗಿತು. ಅದರ ಜೊತೆಗೇ ಇನ್ನೊಂದು ಸುಲಭ ಸಮೀಕರಣ ಬೇರೂರಿತು: ಜನರಲ್ ಡ್ಯೂಮಾನೇ ಮಾಂಟೆ ಕ್ರಿಸ್ಟೊ, ತಂದೆಯ ಬದುಕೇ ಮಗನ ಕಾದಂಬರಿ. ಕೇಳಲು ಇಂಪಾದ ಈ ಮಾತು ತಂದೆಗೂ ನ್ಯಾಯ ಒದಗಿಸುವುದಿಲ್ಲ, ಕಾದಂಬರಿಗೂ ಒದಗಿಸುವುದಿಲ್ಲ.

ಮೊದಲು ದಾಖಲೆಗಳು ಹೇಳುವುದನ್ನು ನೋಡಬೇಕು. ಡ್ಯೂಮಾ ಹುಟ್ಟಿದ್ದು 1762ರ ಮಾರ್ಚ್ 25ರಂದು, ಕೆರಿಬಿಯನ್ ಸಮುದ್ರದ ಫ್ರೆಂಚ್ ವಸಾಹತು ಸಾಂ ದೊಮಾಂಗ್‌ನಲ್ಲಿ, ಎಂದರೆ ಇಂದಿನ ಹೈಟಿಯಲ್ಲಿ. ತಂದೆ ನಾರ್ಮಂಡಿಯ ಕುಲೀನ ಮನೆತನದ ದಾವಿ ದ ಲ ಪಯೆತರಿ. ತಾಯಿ ಮರೀ ಸೆಸೆಟ್ ಎಂಬ ಆಫ್ರಿಕನ್ ಮೂಲದ ದಾಸಿ. ಈ ತಾಯಿ 1772ರಲ್ಲಿ ತೀರಿಕೊಂಡಳೆಂದು ಮೊಮ್ಮಗನಾದ ಕಾದಂಬರಿಕಾರ ತನ್ನ ಸ್ಮೃತಿಗ್ರಂಥದಲ್ಲಿ ಬರೆದಿದ್ದಾನೆ. ಆದರೆ 1776ರ ಒಂದು ಪತ್ರ ಹೇಳುವ ಕಥೆ ಬೇರೆ. ಅದರ ಪ್ರಕಾರ ಕುಲೀನನು ಫ್ರಾನ್ಸಿಗೆ ಮರಳುವ ಮುನ್ನ ಸೆಸೆಟ್‌ಳನ್ನೂ ಉಳಿದ ಮಕ್ಕಳನ್ನೂ ಮಾರಿಬಿಟ್ಟ. ಈ ಒಬ್ಬ ಮಗನನ್ನು ಮಾತ್ರ ಮತ್ತೆ ಬಿಡಿಸಿಕೊಳ್ಳುವ ಷರತ್ತಿನ ಮೇಲೆ ಒತ್ತೆಯಿಟ್ಟು, ಅನಂತರ ಬಿಡಿಸಿ ಕರೆಸಿಕೊಂಡ. ಕುಟುಂಬದ ನೆನಪಿಗೂ ಕಾಲದ ಕಾಗದಕ್ಕೂ ಇರುವ ಈ ಅಂತರವನ್ನು ಮುಂದಿನ ವಿವೇಚನೆಯಲ್ಲಿ ಮರೆಯಲಾಗದು.

1786ರಲ್ಲಿ ರಾಣಿಯ ಅಶ್ವದಳಕ್ಕೆ ಸಿಪಾಯಿಯಾಗಿ ಸೇರುವಾಗ ಆತ ಬರೆಸಿದ್ದು ತಂದೆಯ ಮನೆತನದ ಹೆಸರನ್ನಲ್ಲ, ತಾಯಿಯ ಹೆಸರಾದ ಡ್ಯೂಮಾ ಎಂಬುದನ್ನು. ಕ್ರಾಂತಿ ಬಂದಾಗ ಕುಲದ ಬೇಲಿ ಮುರಿಯಿತು. 1792ರಲ್ಲಿ ಕರಿಯರೂ ಮಿಶ್ರವರ್ಣದವರೂ ಸೇರಿದ್ದ ಸ್ವಯಂಸೇವಕ ದಳದಲ್ಲಿ ಅಧಿಕಾರಿಯಾದ. 1793ರ ಸೆಪ್ಟೆಂಬರಿನಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, ಡಿವಿಜನ್ ಜನರಲ್ ಆದ. ಪಶ್ಚಿಮ ಪಿರನೀಸ್, ಆಲ್ಪ್ಸ್, ವಾಂದೆ ಎಂದು ಒಂದಾದ ಮೇಲೊಂದು ಸೇನೆಯ ನಾಯಕತ್ವ ಬಂತು. 1794ರ ವಸಂತದಲ್ಲಿ ಹಿಮ ಕವಿದ ಮಾಂ ಸೆನಿ ಕಣಿವೆದಾರಿಯನ್ನು ಅವನ ಸೇನೆ ವಶಪಡಿಸಿಕೊಂಡಿತು. 1797ರ ಮಾರ್ಚಿಯಲ್ಲಿ ಟೈರೋಲಿನ ಕ್ಲಾವುಸನ್ ಸೇತುವೆಯ ಮೇಲೆ ಶತ್ರುದಳವನ್ನು ತಡೆದು ನಿಂತ ಸಾಹಸಕ್ಕೆ ಪ್ರಾಚೀನ ರೋಮಿನ ವೀರ ಹೊರೇಷಿಯಸನ ಹೆಸರಿನಿಂದ ಹೊಗಳಿಸಿಕೊಂಡ.

ಜನಪ್ರಿಯ ಬರಹಗಳು ಸಾಮಾನ್ಯವಾಗಿ ಇಲ್ಲಿಯೇ ನಿಲ್ಲುತ್ತವೆ. ಆರಡಿ ಮೀರಿದ ದೇಹ, ಅಸಾಧಾರಣ ತೋಳ್ಬಲ, ಕತ್ತಿಯ ಚಾತುರ್ಯ ಇವುಗಳ ವರ್ಣನೆಯಲ್ಲಿ ಪುಟಗಳು ತುಂಬುತ್ತವೆ. ಈ ವರ್ಣನೆಗಳಲ್ಲಿ ಹೆಚ್ಚಿನವು ಮಗನ ಸ್ಮೃತಿಗ್ರಂಥದಿಂದ ಹರಿದುಬಂದವು. ತಂದೆಯನ್ನು ಕಳೆದುಕೊಂಡಾಗ ನಾಲ್ಕು ವರ್ಷವೂ ತುಂಬದ ಮಗು, ಮುಂದೆ ಕೇಳಿ ತಿಳಿದು ಕಟ್ಟಿದ ಪುರಾಣವದು. ಸೇನಾನಿಯ ನಿಜವಾದ ಹಿರಿಮೆ ಇರುವುದು ಬೇರೆ ಕಡೆ, ಅವನು ಒಲ್ಲೆನೆಂದ ಸಂದರ್ಭಗಳಲ್ಲಿ.

ಬಯೋನ್ ಪಟ್ಟಣದಲ್ಲಿ ಅವನ ಬಿಡಾರದೆದುರು ಶಿರಚ್ಛೇದಗಳು ನಡೆಯುತ್ತಿದ್ದಾಗ ಆತ ಕಿಟಕಿಗಳನ್ನು ಮುಚ್ಚಿಸಿದನಂತೆ. ಅದಕ್ಕಾಗಿ ಸ್ಥಳೀಯ ಉಗ್ರ ಕ್ರಾಂತಿಕಾರರು ‘ಮಾನವೀಯತೆಯ ಮಹಾಶಯ’ ಎಂದು ಅಣಕಿಸಿದರು. ಆಲ್ಪ್ಸ್‌ನ ಒಂದು ಹಳ್ಳಿಯಲ್ಲಿ ಚರ್ಚಿನ ಗಂಟೆಯನ್ನು ಕರಗಿಸಲು ಕೊಡದೆ ಬಚ್ಚಿಟ್ಟ ತಪ್ಪಿಗೆ ನಾಲ್ವರ ತಲೆ ಕಡಿಯಲು ಗಿಲೋಟಿನ್ ಸಿದ್ಧವಾಗಿತ್ತು. ಡ್ಯೂಮಾ ಆ ಯಂತ್ರವನ್ನೇ ಕಡಿಸಿ ಸೌದೆಯಾಗಿಸಿದನೆಂದು ಮಗ ಬರೆಯುತ್ತಾನೆ. ಇವೆರಡನ್ನೂ ಐತಿಹ್ಯವೆಂದು ಬದಿಗಿಟ್ಟರೂ ವಾಂದೆಯ ಪ್ರಕರಣ ಉಳಿಯುತ್ತದೆ. ಕ್ರಾಂತಿಗೆ ಎದುರುನಿಂತ ಆ ಸೀಮೆಯಲ್ಲಿ ಗಣರಾಜ್ಯದ ಸೇನೆ ಹಳ್ಳಿಗಳನ್ನು ಸುಟ್ಟು ಪ್ರಜೆಗಳನ್ನು ಕೊಂದಿತ್ತು. 1794ರಲ್ಲಿ ಅಲ್ಲಿಗೆ ನಾಯಕನಾಗಿ ಹೋದ ಡ್ಯೂಮಾ ಶತ್ರುವನ್ನು ದೂರಲಿಲ್ಲ. ತನ್ನದೇ ಸೇನೆಯ ಅಶಿಸ್ತನ್ನೂ ಲೂಟಿಯನ್ನೂ ಮೇಲಿನವರಿಗೆ ನೇರವಾಗಿ ವರದಿ ಮಾಡಿದ. ಮಿತವಾದವೇ ದ್ರೋಹವೆನಿಸಿಕೊಂಡ ಕಾಲ ಆಗಷ್ಟೇ ಮುಗಿದಿತ್ತು. ಕೆಲವೇ ತಿಂಗಳ ಹಿಂದೆ ಅವನೂ ಸಾರ್ವಜನಿಕ ರಕ್ಷಣಾ ಸಮಿತಿಯ ಎದುರು ಉತ್ತರ ಹೇಳಲು ಪ್ಯಾರಿಸಿಗೆ ಕರೆಸಿಕೊಂಡಿದ್ದ. ಜುಲೈನಲ್ಲಿ ರೋಬೆಸ್ಪಿಯರ್ ಪತನಗೊಂಡ. ಇಷ್ಟಾದರೂ ಅಂಥ ವರದಿ ಬರೆಯುವ ಎದೆಗಾರಿಕೆ ಸೇತುವೆಯ ಮೇಲಿನ ಕತ್ತಿವರಸೆಗಿಂತ ಅಪರೂಪವಾದದ್ದು.

ಈ ನೇರತನವೇ ಅವನಿಗೆ ಮುಳುವಾಯಿತು. 1797ರ ಜನವರಿಯಲ್ಲಿ ಮಾಂಟುವಾ ಮುತ್ತಿಗೆಯ ಕಾಳಗದಲ್ಲಿ ಮುಂದೆ ನಿಂತು ಹೋರಾಡಿದ ಅವನನ್ನು, ನೆಪೋಲಿಯನ್ನನ ಸೇನಾ ಸಿಬ್ಬಂದಿಯ ಮುಖ್ಯಸ್ಥ ಬೆರ್ತಿಯೇ ತನ್ನ ವರದಿಯಲ್ಲಿ ‘ವೀಕ್ಷಣೆಯಲ್ಲಿದ್ದ’ ಎಂದಷ್ಟೇ ನಮೂದಿಸಿದ. ಡ್ಯೂಮಾ ನೆಪೋಲಿಯನ್ನನಿಗೇ ಕಾಗದ ಬರೆದು, ಬೆರ್ತಿಯೇಯ ಧೈರ್ಯವನ್ನು ಸಿಪಾಯಿಗಳ ಒರಟು ಭಾಷೆಯಲ್ಲಿ ಗೇಲಿಮಾಡಿದ. 1798ರ ಈಜಿಪ್ಟ್ ದಂಡಯಾತ್ರೆಯಲ್ಲಿ ಅವನು ಅಶ್ವಸೇನೆಯ ಮುಖ್ಯಸ್ಥ. ಮರುಭೂಮಿಯ ದಾಹದಲ್ಲಿ ಬಳಲಿದ ಸೇನಾನಿಗಳು ದಮನ್‌ಹೂರಿನಲ್ಲಿ ಅವನ ಗುಡಾರದಲ್ಲಿ ಕಲೆತು ಈ ಯಾತ್ರೆಯ ಉದ್ದೇಶವನ್ನೇ ಪ್ರಶ್ನಿಸಿದರು. ಸುದ್ದಿ ನೆಪೋಲಿಯನ್ನನಿಗೆ ಮುಟ್ಟಿತು. ಇಬ್ಬರ ನಡುವಣ ಬಿರುಕು ಮುಂದೆಂದೂ ಕೂಡಲಿಲ್ಲ.

ಚರಿತ್ರೆಯ ವಿದ್ಯಾರ್ಥಿಗಳು ಮರೆಮಾಚಲಾಗದ ಸಂಗತಿಯೊಂದು ಇಲ್ಲಿದೆ. 1798ರ ಅಕ್ಟೋಬರಿನಲ್ಲಿ ಕೈರೋ ನಗರದ ಜನ ಫ್ರೆಂಚರ ವಿರುದ್ಧ ದಂಗೆಯೆದ್ದಾಗ, ಅದನ್ನು ರಕ್ತಪಾತದಿಂದ ಅಡಗಿಸಿದವರಲ್ಲಿ ಡ್ಯೂಮಾನೂ ಒಬ್ಬ. ಫಿರಂಗಿಯ ಗುಂಡುಗಳು ಅಲ್ ಅಜ್ಹರ್ ಮಸೀದಿಯ ಮೇಲೆ ಬಿದ್ದವು. ಕುದುರೆಗಳು ಅದರೊಳಗೆ ನುಗ್ಗಿದವು. ಮಗ ಇದನ್ನು ತಂದೆಯ ಪರಾಕ್ರಮವೆಂದೇ ವರ್ಣಿಸಿದ್ದಾನೆ. ವಾಂದೆಯಲ್ಲಿ ಪ್ರಜೆಗಳ ಸಂಕಟವನ್ನು ಕಂಡವನು ಕೈರೋದಲ್ಲಿ ಪರದೇಶದ ಜನರನ್ನು ತುಳಿದ. ಇವೆರಡೂ ಒಬ್ಬನ ಬದುಕಿನವೇ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಉಳಿಯುವುದು ಸ್ತುತಿ ಮಾತ್ರ.

1799ರ ಮಾರ್ಚಿಯಲ್ಲಿ ಡ್ಯೂಮಾ ಈಜಿಪ್ಟನ್ನು ಬಿಟ್ಟು ಹೊರಟ. ಅದೇ ವರ್ಷದ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪು ಸುಲ್ತಾನನಿಗೆ ಬರೆದ ಪತ್ರ ಬ್ರಿಟಿಷರ ಕೈಸೇರಿತ್ತು. ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಡ್ಯೂಮಾ ದಕ್ಷಿಣ ಇಟಲಿಯಲ್ಲಿ ಸೆರೆಯಾಳಾಗಿದ್ದ. ಬಿರುಗಾಳಿಗೆ ಸಿಕ್ಕ ಅವನ ಹಡಗು ಟರಾಂಟೊ ಬಂದರನ್ನು ಸೇರಿದಾಗ, ಮಿತ್ರರಾದ ಗಣರಾಜ್ಯವಾದಿಗಳ ಕೈಯಲ್ಲಿದೆಯೆಂದು ನಂಬಿದ್ದ ಆ ನಾಡು ರಾಜಪಕ್ಷದ ವಶವಾಗಿತ್ತು. ಜೊತೆಗಿದ್ದ ಖನಿಜವಿಜ್ಞಾನಿ ದೊಲೊಮಿಯೂನೂ ಬಂಧಿತನಾದ. ಸುಮಾರು ಎರಡು ವರ್ಷಗಳ ಸೆರೆಯ ಅನಂತರ 1801ರಲ್ಲಿ ಹೊರಬಂದ ಡ್ಯೂಮಾನ ಆರೋಗ್ಯ ಪೂರ್ತಿ ಕುಸಿದಿತ್ತು. ತನಗೆ ವಿಷವಿಕ್ಕಲಾಗಿತ್ತೆಂದು ಅವನು ತನ್ನ ಸೆರೆವಾಸದ ನಿವೇದನೆಯಲ್ಲಿ ಬರೆದಿಟ್ಟ.

ಅವನು ಮರಳಿದ ಫ್ರಾನ್ಸ್ ಬೇರೆಯಾಗಿತ್ತು. 1794ರ ಫೆಬ್ರವರಿ 4ರಂದು ಗಣರಾಜ್ಯವು ರದ್ದುಪಡಿಸಿದ್ದ ಗುಲಾಮಗಿರಿಗೆ 1802ರ ಮೇ 20ರ ಕಾನೂನು ಮತ್ತೆ ಜೀವ ಕೊಟ್ಟಿತು. ಅದೇ ಜುಲೈನಲ್ಲಿ ಕರಿಯರೂ ಮಿಶ್ರವರ್ಣದವರೂ ಫ್ರಾನ್ಸನ್ನು ಪ್ರವೇಶಿಸದಂತೆ ಆಜ್ಞೆ ಹೊರಟಿತು. ಲಕ್ಲೆರ್ ಸೇನೆಯೊಂದಿಗೆ ಸಾಂ ದೊಮಾಂಗ್‌ಗೆ ಹೋಗಿ ತೂಸಾಂ ಲುವೆರ್ತ್ಯೂರನನ್ನು ಸೆರೆಹಿಡಿಸಿದ. ಈಜಿಪ್ಟಿನಲ್ಲಿ ಡ್ಯೂಮಾನ ಕೈಕೆಳಗಿದ್ದ ಮ್ಯೂರಾ ಮತ್ತು ದವೂ 1804ರಲ್ಲಿ ಮಾರ್ಷಲ್ ಪದವಿಗೇರಿದರು. ಡ್ಯೂಮಾ ಮಾತ್ರ ಬಾಕಿ ಸಂಬಳಕ್ಕಾಗಿ ಕಾಗದ ಬರೆಯುತ್ತ ಕುಳಿತ. 1806ರ ಫೆಬ್ರವರಿ 26ರಂದು ವಿಲ್ಲೇರ್ ಕೊತ್ತೆರೆ ಎಂಬ ಸಣ್ಣ ಊರಿನಲ್ಲಿ ಜಠರದ ಅರ್ಬುದದಿಂದ ತೀರಿಕೊಂಡ. ವಿಧವೆಗೆ ಪಿಂಚಣಿಯೂ ದಕ್ಕಲಿಲ್ಲ. ಯೋಗ್ಯತೆಯಿಂದ ಮೇಲೇರಿದವನೆಂದು ಅವನನ್ನು ಕೊಂಡಾಡುವಾಗ, ಆ ಯೋಗ್ಯತೆಗೆ ಬೆಲೆ ಕೊಟ್ಟದ್ದು ಒಂದು ಕಾನೂನು, ಕಸಿದದ್ದು ಇನ್ನೊಂದು ಕಾನೂನು ಎಂಬುದನ್ನು ಗಮನಿಸಬೇಕು. ಅವನ ಸಾಮರ್ಥ್ಯ 1793ರಲ್ಲಿ ಹುಟ್ಟಿದ್ದೂ ಅಲ್ಲ, 1802ರಲ್ಲಿ ಸತ್ತದ್ದೂ ಅಲ್ಲ.

ಈಗ ಕಾದಂಬರಿಯ ಮಾತು. ‘ಮಾಂಟೆ ಕ್ರಿಸ್ಟೊ’ 1844ರಿಂದ 1846ರವರೆಗೆ ಧಾರಾವಾಹಿಯಾಗಿ ಬಂತು. ಅದರ ಕಥಾಬೀಜ ಪ್ಯಾರಿಸಿನ ಪೊಲೀಸ್ ದಾಖಲೆಗಳನ್ನು ಆಧರಿಸಿ ಪೂಶೆ ಎಂಬವನು ಬರೆದ ಗ್ರಂಥದಿಂದ ಬಂದದ್ದು. ಸುಳ್ಳು ಆರೋಪಕ್ಕೆ ಸಿಕ್ಕಿ ಸೆರೆಯಾದ ಕಸುಬುದಾರನೊಬ್ಬನ ಸೇಡಿನ ಕಥೆಯದು. ಕಾದಂಬರಿಯ ರಚನೆಯಲ್ಲಿ ಓಗ್ಯುಸ್ತ್ ಮಾಕೆಯ ಸಹಕಾರವೂ ಇತ್ತು. ತಂದೆಯ ಸೆರೆವಾಸದ ನೋವು ಅದರೊಳಗೆ ಹರಿದಿರುವುದು ಸಹಜ. ಆದರೆ ಕಾದಂಬರಿಯ ಜೀವವಾದ ಸೇಡು ಜನರಲ್ ಡ್ಯೂಮಾನಲ್ಲಿ ಕಾಣುವುದಿಲ್ಲ. ಎಡ್ಮಂಡ್ ದಾಂತೆ ನಿಧಿ ಪಡೆದು ವೈರಿಗಳನ್ನು ಒಬ್ಬೊಬ್ಬರನ್ನಾಗಿ ಕೆಡವುತ್ತಾನೆ. ಜನರಲ್ ಕೇಳಿದ್ದು ತನಗೆ ಸಲ್ಲಬೇಕಾದ ಸಂಬಳವನ್ನೂ ಸೇವೆಗೆ ಮರಳುವ ಅವಕಾಶವನ್ನೂ. ಸೇಡು ಯಾರದೆಂಬುದಕ್ಕೆ ಮಗನ ಸ್ಮೃತಿಗ್ರಂಥವೇ ಸುಳಿವು ಕೊಡುತ್ತದೆ. ತಂದೆ ಸತ್ತ ಸುದ್ದಿ ಕೇಳಿದ ಆ ಮಗು ಬಂದೂಕು ಹಿಡಿದು ಮೆಟ್ಟಿಲು ಹತ್ತಿತಂತೆ, ತಂದೆಯನ್ನು ಕೊಂದ ದೇವರನ್ನು ಕೊಲ್ಲುವುದಕ್ಕಾಗಿ. ಮಾಂಟೆ ಕ್ರಿಸ್ಟೊವಿನ ಕೋಪಕ್ಕೆ ಮೂಲ ಹುಡುಕುವವರು ಟರಾಂಟೊದ ಸೆರೆಮನೆಗಿಂತ ಮೊದಲು ಈ ಮೆಟ್ಟಿಲನ್ನು ನೋಡಬೇಕು.

ಪ್ಯಾರಿಸಿನಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಿಲ್ಲಿಸಿದ್ದ ಜನರಲ್ ಡ್ಯೂಮಾನ ಪ್ರತಿಮೆಯನ್ನು ಎರಡನೆಯ ಮಹಾಯುದ್ಧದಲ್ಲಿ, ನಗರ ಜರ್ಮನರ ಹಿಡಿತದಲ್ಲಿದ್ದಾಗ ಕೆಡವಲಾಯಿತು. ಅದೇ ಚೌಕದಲ್ಲಿ ಮಗನ ಮತ್ತು ಮೊಮ್ಮಗನ ಪ್ರತಿಮೆಗಳು ಇಂದಿಗೂ ಇವೆ. ಅಜ್ಜನ ನೆನಪಿಗೆ 2009ರಲ್ಲಿ ಅಲ್ಲಿ ಎದ್ದದ್ದು ಮುರಿದ ಬೇಡಿಗಳ ಬೃಹತ್ ಶಿಲ್ಪ, ಅದರಲ್ಲಿ ಮನುಷ್ಯರೂಪವಿಲ್ಲ. ಆ ಮುಖವನ್ನು ಮತ್ತೆ ಬಿಡಿಸುವ ಕೆಲಸ ಸಂಶೋಧಕರದು. ಕಾದಂಬರಿಯ ನಾಯಕನ ಮುಖವಾಡವನ್ನು ಅಲ್ಲಿ ಅಂಟಿಸಿದರೆ ಅದು ಇನ್ನೊಂದು ಬಗೆಯ ಮರೆವೇ ಆದೀತು. ವಾಂದೆಯ ವರದಿ, ಮಾಂಟುವಾದ ಒರಟು ಕಾಗದ, ಕೈರೋದ ಕಳಂಕ, ಕೊನೆಯ ವರ್ಷಗಳ ಅರ್ಜಿಗಳು ಇವೆಲ್ಲವನ್ನೂ ಒಟ್ಟಿಗೆ ಓದಿದಾಗಲೇ ಆ ಸೇನಾನಿ ತನ್ನ ಹೆಸರಿಗೆ ತಾನೇ ಒಡೆಯನಾಗುತ್ತಾನೆ.