ಕ್ಯಾಮರಾ ಬಂತು, ಚಿತ್ರವೆಲ್ಲಿ?

ಈಚೆಗೆ ನಮ್ಮ ಊರುಗಳಲ್ಲಿ ಛಾಯಾಚಿತ್ರ ಪ್ರದರ್ಶನಗಳಿಗೆ ಬರವಿಲ್ಲ. ಸಂತೋಷದ ಸಂಗತಿ. ಆದರೆ ಅವುಗಳಿಗೆ ಹೋಗಿ ಬಂದವರು ಒಂದು ವಿಚಿತ್ರವನ್ನು ಗಮನಿಸಿರಬಹುದು. ಅನೇಕ ಕಡೆ ಪ್ರತಿಯೊಂದು ಚಿತ್ರದ ಕೆಳಗೂ ಒಂದು ಚೀಟಿ. ಆ ಚೀಟಿಯಲ್ಲಿ ಕ್ಯಾಮರಾದ ಹೆಸರು, ಲೆನ್ಸಿನ ಹೆಸರು, ಅದರ ಅಳತೆ, ಷಟರ್ ತೆರೆದಿದ್ದ ಕಾಲ. ಚಿತ್ರದಲ್ಲಿರುವ ಮನುಷ್ಯ ಯಾರು, ಊರು ಯಾವುದು ಎಂಬುದಕ್ಕೆ ಮಾತ್ರ ಅಲ್ಲಿ ಜಾಗವಿಲ್ಲ. ನೋಡುವವರೂ ಮೊದಲು ಬಗ್ಗಿ ಚೀಟಿಯನ್ನು ಓದುತ್ತಾರೆ. ಆಮೇಲೆ ತಲೆಯೆತ್ತಿ, ‘ಓಹೋ, ಆ ಲೆನ್ಸೇ! ಅದಕ್ಕೇ ಹೀಗೆ ಬಂದಿದೆ’ ಎಂದು ಮುಂದಿನ ಚೀಟಿಗೆ ನಡೆಯುತ್ತಾರೆ.

ಒಬ್ಬ ಕವಿ ತನ್ನ ಪದ್ಯದ ಕೆಳಗೆ ಲೇಖನಿಯ ಕಂಪನಿ, ಮಸಿಯ ಬಣ್ಣ, ಕಾಗದದ ತೂಕ ಇವನ್ನೆಲ್ಲ ಅಚ್ಚು ಹಾಕಿಸಿದರೆ ನಾವು ಏನೆಂದೇವು? ಕುಮಾರವ್ಯಾಸನೂ ತನ್ನ ಕಾವ್ಯದ ಆರಂಭದಲ್ಲಿ ಹೆಮ್ಮೆಪಟ್ಟುಕೊಂಡವನೇ. ಆದರೆ ಅವನ ಹೆಮ್ಮೆ ಕರಡು ತಿದ್ದುವ ಸಾಧನಗಳ ಹಂಗಿಲ್ಲದೆ ಬರೆದೆನೆಂಬುದು. ನಮ್ಮ ಹವ್ಯಾಸಿ ಛಾಯಾಗ್ರಾಹಕ ಮಹಾಶಯರ ಹೆಮ್ಮೆ ಇದಕ್ಕೆ ತೀರ ತಿರುಗುಮುರುಗು.

ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆ ಎಂದು ಕೆಲವರು ಕೇಳಬಹುದು. ನಾನು ಕ್ಯಾಮರಾದ ದ್ವೇಷಿಯಲ್ಲ. ರಜೆಯ ದಿನಗಳಲ್ಲಿ ಅದನ್ನು ಹೆಗಲಿಗೆ ಹಾಕಿಕೊಂಡು ತಿರುಗುವವನೇ. ಹಾಗೆ ತಿರುಗುವವರ ಸಹವಾಸದಲ್ಲಿ ಕಂಡದ್ದರಿಂದಲೇ ಈ ಮಾತು. ನನ್ನ ವಾದ ಇಷ್ಟೆ: ಒಂದು ಚಿತ್ರ ಕೈತಪ್ಪಿಹೋಗಿ, ಅದು ತಪ್ಪಿದ್ದು ಸಲಕರಣೆಯ ಕೊರತೆಯಿಂದಲೇ ಎಂದು ಬೆರಳಿಟ್ಟು ತೋರಿಸಲಾಗುವ ತನಕ ಹವ್ಯಾಸಿಯಾದವನು ಹೊಸ ಸಲಕರಣೆಯನ್ನು ಕೊಳ್ಳಬಾರದು. ಕೊರತೆ ಮೊದಲು ಕಾಣಲಿ, ಕೊಳ್ಳುವುದು ಆಮೇಲೆ ಆಗಲಿ. ಇಂದು ನಡೆಯುತ್ತಿರುವುದು ತಲೆಕೆಳಗು. ಮೊದಲು ಕೊಳ್ಳುತ್ತಾರೆ, ಕೊಂಡದ್ದಕ್ಕೆ ತಕ್ಕ ಕೊರತೆಯನ್ನು ಆಮೇಲೆ ಹುಡುಕಿಕೊಳ್ಳುತ್ತಾರೆ.

ಅಂಗಡಿಯವರು ಹೇಳುವ ಲೆಕ್ಕವನ್ನೇ ಸ್ವಲ್ಪ ಪರೀಕ್ಷಿಸೋಣ. ೨೪ ಮೆಗಾಪಿಕ್ಸೆಲಿನ ಕ್ಯಾಮರಾ ಹಳತಾಯಿತು, ೪೫ ಮೆಗಾಪಿಕ್ಸೆಲಿನದು ಬೇಕು ಎನ್ನುತ್ತಾರೆ. ಕೇಳಿದವನಿಗೆ ಚಿತ್ರದ ಸ್ಪಷ್ಟತೆ ಹೆಚ್ಚುಕಡಿಮೆ ಇಮ್ಮಡಿಯಾದಂತೆ ಭಾಸವಾಗುತ್ತದೆ. ಆದರೆ ಈ ಸಂಖ್ಯೆ ಕ್ಷೇತ್ರಫಲದ್ದು. ಚಿತ್ರದ ಅಗಲ ಎತ್ತರಗಳಲ್ಲಿ ಹೆಚ್ಚುವುದು ನೂರಕ್ಕೆ ೩೭ರಷ್ಟು ಮಾತ್ರ. ಉದ್ದದಲ್ಲಿ ನಿಜವಾಗಿ ಎರಡರಷ್ಟಾಗಬೇಕಾದರೆ ೨೪ಕ್ಕೆ ಬದಲು ೯೬ ಬೇಕು. ಇರಲಿ, ೨೪ ಎಂದರೆ ತಾನೇ ಎಷ್ಟು? ಅಗಲಕ್ಕೆ ಆರು ಸಾವಿರ, ಎತ್ತರಕ್ಕೆ ನಾಲ್ಕು ಸಾವಿರ ಚುಕ್ಕೆಗಳು. ಅಂಗುಲಕ್ಕೆ ಮುನ್ನೂರರಂತೆ ಒತ್ತಾಗಿ ಮುದ್ರಿಸಿದರೂ ೨೦ ಅಂಗುಲ ಅಗಲ, ೧೩ ಅಂಗುಲಕ್ಕೂ ಮಿಕ್ಕ ಎತ್ತರದ ಚಿತ್ರ ಬರುತ್ತದೆ. ನಮ್ಮಲ್ಲಿ ಎಷ್ಟು ಮಂದಿಯ ಮನೆಯ ಗೋಡೆಯ ಮೇಲೆ ಅಷ್ಟು ದೊಡ್ಡ ಚಿತ್ರವಿದೆ? ಬಹುಪಾಲು ಚಿತ್ರಗಳ ಅಂತಿಮ ಗತಿ ಮೊಬೈಲಿನ ತೆರೆ. ಸಾಧಾರಣವಾದ ಮೊಬೈಲಿನ ತೆರೆಯಲ್ಲಿರುವುದು ೧೦೮೦ ಅಗಲ, ೨೪೦೦ ಎತ್ತರ, ಒಟ್ಟು ಸುಮಾರು ೨೬ ಲಕ್ಷ ಚುಕ್ಕೆ. ೨೪ ಮೆಗಾಪಿಕ್ಸೆಲ್ ಎಂದರೆ ೨ ಕೋಟಿ ೪೦ ಲಕ್ಷ. ಹತ್ತರಲ್ಲಿ ಒಂಬತ್ತು ಪಾಲನ್ನು ಈಗಲೇ ಚೆಲ್ಲುತ್ತಿರುವವನು, ಚೆಲ್ಲುವುದಕ್ಕೆ ಇನ್ನಷ್ಟು ಬೇಕೆಂದು ಸಾಲ ಮಾಡುತ್ತಾನೆ.

ಲೆನ್ಸಿನ ವಿಷಯವೂ ಹೀಗೆಯೇ. ಅಪರ್ಚರ್ ಎಂದರೆ ಲೆನ್ಸಿನೊಳಗೆ ಬೆಳಕು ನುಗ್ಗುವ ಕಿಂಡಿ. ಅದಕ್ಕೆ ಕೊಟ್ಟ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ೫೦ ಮಿಲಿಮೀಟರಿನ ಲೆನ್ಸುಗಳಲ್ಲಿ ೧.೮ ಅಪರ್ಚರಿನದು ಅಗ್ಗ, ೧.೨ರದು ದುಬಾರಿ. ಎರಡನೆಯದು ಒಳಗೆ ಬಿಡುವ ಬೆಳಕು ಮೊದಲನೆಯದಕ್ಕಿಂತ ಎರಡೂಕಾಲು ಪಟ್ಟು. ಬೆಲೆ ಮಾತ್ರ ಸುಮಾರು ಹತ್ತು ಪಟ್ಟು. ಆ ಹೆಚ್ಚಿನ ಬೆಳಕಿನಿಂದ ಆಗುವುದೇನು? ಒಂದೂವರೆ ಮೀಟರು ದೂರದಲ್ಲಿ ಕುಳಿತವರ ಚಿತ್ರವನ್ನು ಪೂರ್ತಿ ತೆರೆದ ಆ ಕಿಂಡಿಯಿಂದ ತೆಗೆದರೆ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಆರು ಸೆಂಟಿಮೀಟರು. ಕಣ್ಣು ಸ್ಪಷ್ಟ, ಕಿವಿ ಮಸುಕು. ಹಿಂದಿರುವ ಗೋಡೆ, ಗೋಡೆಯ ಗೂಡು, ಗೂಡಿನ ದೀಪ ಎಲ್ಲವೂ ಕರಗಿ ಬಣ್ಣದ ಗಂಜಿ. ಈ ಗಂಜಿಯನ್ನೇ ಸೌಂದರ್ಯವೆಂದು ಇಂದು ಹೊಗಳುತ್ತಿದ್ದಾರೆ. ಅಜ್ಜಿಯ ಚಿತ್ರ ತೆಗೆದು ಅವಳ ಅಡುಗೆಮನೆಯನ್ನು ಅಳಿಸಿಹಾಕುವುದಕ್ಕೆ ಇಷ್ಟು ಹಣ ತೆರಬೇಕೆ? ಮುಖ ಎಲ್ಲಿ ತೆಗೆದರೂ ಮುಖವೇ. ಅವಳು ಐವತ್ತು ವರ್ಷ ಬಾಳಿದ ಆ ಮೂಲೆಯೇ ಚಿತ್ರದ ಅರ್ಥ.

ದೊಡ್ಡವರೆಂದು ನಾವು ಒಪ್ಪಿಕೊಂಡವರು ಹೇಗೆ ಕೆಲಸ ಮಾಡಿದರು, ನೋಡಿ. ಫ್ರಾನ್ಸಿನ ಆನ್ರಿ ಕಾರ್ತಿಯೇ-ಬ್ರೆಸ್ಸೋನ್ ತಮ್ಮ ಬಹುಪಾಲು ಕೆಲಸವನ್ನು ಅಂಗೈಯಗಲದ ಒಂದು ಲೈಕಾ ಕ್ಯಾಮರಾದಿಂದ, ಒಂದು ೫೦ ಮಿಲಿಮೀಟರ್ ಲೆನ್ಸಿನಿಂದ ಮಾಡಿದರು. ೧೯೪೮ರ ಜನವರಿ ೩೦ರಂದು ಗಾಂಧೀಜಿಯವರ ಹತ್ಯೆಗೆ ಸ್ವಲ್ಪ ಮುಂಚೆ ಅವರನ್ನು ಕಂಡು ಬಂದವರು ಇವರು. ಮರುದಿನದ ಅಂತ್ಯಯಾತ್ರೆಯನ್ನು ಚಿತ್ರಿಸಿ ಜಗತ್ತಿಗೆ ತೋರಿಸಿದವರಲ್ಲಿ ಒಬ್ಬರು. ಇನ್ನೊಬ್ಬರು ಅಮೆರಿಕದ ವಿವಿಯನ್ ಮಾಯರ್. ಶಿಕಾಗೋದಲ್ಲಿ ಪರರ ಮನೆಯ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಅವರದು. ಬಿಡುವಾದಾಗ ರೋಲಿಫ್ಲೆಕ್ಸ್ ಹಿಡಿದು ಬೀದಿ ಸುತ್ತಿದರು. ಆ ಕ್ಯಾಮರಾದ ಲೆನ್ಸನ್ನು ಬದಲಾಯಿಸುವಂತೆಯೇ ಇಲ್ಲ. ಪ್ರದರ್ಶನವಿಲ್ಲ, ಬಹುಮಾನವಿಲ್ಲ. ೨೦೦೭ರಲ್ಲಿ ಅವರ ಪೆಟ್ಟಿಗೆಗಳು ಹರಾಜಾದ ಮೇಲೆ, ೨೦೦೯ರಲ್ಲಿ ಅವರು ತೀರಿಕೊಂಡ ಮೇಲೆ, ಲೋಕ ಆ ಚಿತ್ರಗಳನ್ನು ಕಂಡಿತು. ಹವ್ಯಾಸಿ ಎಂಬ ಮಾತಿಗೆ ಇದಕ್ಕಿಂತ ಶುದ್ಧವಾದ ಉದಾಹರಣೆ ನನಗೆ ತಿಳಿಯದು.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ ಮೊದಲಾದವರು ವನ್ಯಜೀವಿಗಳ ಚಿತ್ರ ತೆಗೆಯತೊಡಗಿದ ಕಾಲದಲ್ಲಿ ತಾನೇ ಫೋಕಸ್ ಮಾಡಿಕೊಳ್ಳುವ ಕ್ಯಾಮರಾ ಇರಲಿಲ್ಲ. ಲೆನ್ಸು ಬದಲಿಸಬಹುದಾದ ಕ್ಯಾಮರಾಗಳಲ್ಲಿ ಆ ಅನುಕೂಲವನ್ನು ಒಳಗೇ ಅಳವಡಿಸಿಕೊಂಡವು ಬಳಕೆಗೆ ಬಂದದ್ದು ೧೯೮೫ರಿಂದ ಈಚೆಗೆ. ಒಂದು ಸುರುಳಿ ಫಿಲ್ಮಿಗೆ ೩೬ ಚಿತ್ರ. ಅದೂ ತೊಳೆದು ನೋಡುವ ತನಕ ಏನು ಬಂದಿದೆಯೆಂದು ತಿಳಿಯದು. ಹಾಗಾಗಿ ಅವರು ಹಕ್ಕಿಯ ಹೊತ್ತನ್ನು, ನಡೆಯನ್ನು, ಅದು ಮರಳಿ ಬಂದು ಕೂರುವ ಕೊಂಬೆಯನ್ನು ಕಲಿತರು. ಒತ್ತುವುದಕ್ಕೆ ಮುಂಚೆ ನೋಡಿದರು. ಈಗ ಕ್ಷಣಕ್ಕೆ ಇಪ್ಪತ್ತು ಚಿತ್ರ ತೆಗೆಯುವ ಯಂತ್ರವಿದೆ. ಒತ್ತಿದ ಮೇಲೆ, ಮನೆಗೆ ಹೋಗಿ, ನೋಡಿದರಾಯಿತು.

‘ಹಾಗಾದರೆ ಸಲಕರಣೆಯೇ ಬೇಡವೆ? ಕಣ್ಣೊಂದೇ ಸಾಕೆ?’ ಎಂದು ಕೇಳುವವರುಂಟು. ಕಣ್ಣೊಂದೇ ಸಾಕೆಂಬುದು ಸೋಮಾರಿಗಳ ವೇದಾಂತ. ಅದನ್ನೂ ನಾನು ಒಪ್ಪುವುದಿಲ್ಲ. ರಾತ್ರಿಯ ಯಕ್ಷಗಾನದಲ್ಲಿ ವೇಷಧಾರಿ ಗಿರಕಿ ಹೊಡೆಯುವಾಗ ಸೆಕೆಂಡಿನ ಇನ್ನೂರೈವತ್ತನೆಯ ಒಂದು ಭಾಗದಷ್ಟು ಕಾಲದಲ್ಲಿ ಚಿತ್ರ ಹಿಡಿಯಬೇಕು. ಅಲ್ಲಿ ದೊಡ್ಡ ಕಿಂಡಿಯ ಲೆನ್ಸು ಬೇಕು, ದೊಡ್ಡ ಸೆನ್ಸರ್ ಬೇಕು. ೩೬ಕ್ಕೆ ೨೪ ಮಿಲಿಮೀಟರಿನ ಸೆನ್ಸರಿನ ವಿಸ್ತಾರ ಅದರ ತಮ್ಮನಾದ ಚಿಕ್ಕ ಸೆನ್ಸರಿಗಿಂತ ಎರಡೂಕಾಲು ಪಟ್ಟಿಗೂ ಮಿಗಿಲು. ಆ ವ್ಯತ್ಯಾಸ ಇಂಥ ಮಬ್ಬು ಬೆಳಕಿನಲ್ಲಿ ಕಣ್ಣಿಗೆ ಹೊಡೆದು ಕಾಣುತ್ತದೆ. ಮೂರು ಆಟಗಳಿಗೆ ಹೋಗಿ, ಮೂರರಲ್ಲೂ ಗಿರಕಿಯ ಚಿತ್ರ ಕಲಸಿಹೋಗಿ ಬಂದವನು ಆ ಲೆನ್ಸನ್ನು ಕೊಳ್ಳಲಿ. ಅವನಿಗೆ ಅದರ ಉಪಯೋಗ ಗೊತ್ತು. ಆಟವನ್ನೇ ನೋಡದವನು ಮೊದಲೇ ಕೊಂಡಿಟ್ಟುಕೊಂಡರೆ ಅದು ಬೀರುವಿನ ಆಭರಣ.

ಈಗ ಹಕ್ಕಿಗಳ ಮಾತು. ನಮ್ಮ ಹವ್ಯಾಸಿಗಳಲ್ಲಿ ಬಹುಮಂದಿ ಹಕ್ಕಿಯ ಬೆನ್ನು ಹತ್ತಿದ್ದಾರೆ. ೬೦೦ ಮಿಲಿಮೀಟರ್, ೪ ಅಪರ್ಚರಿನ ಲೆನ್ಸಿನ ಬೆಲೆ ಹತ್ತು ಲಕ್ಷ ರೂಪಾಯಿಯನ್ನು ದಾಟುತ್ತದೆ. ೧೯೪೦ರಲ್ಲಿ ಸಲೀಂ ಅಲಿಯವರ ಸಲಹೆಯಿಂದ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಕೊಕ್ಕರೆಗಳು ದೋಣಿಗೆ ಎಷ್ಟು ಹತ್ತಿರದಲ್ಲಿ ಕೂತಿರುತ್ತವೆಂದರೆ ೩೦೦ ಮಿಲಿಮೀಟರಿನ ಲೆನ್ಸೂ ಧಾರಾಳ. ಆದರೂ ಅಲ್ಲಿ ತೋಪಿನಂಥ ಲೆನ್ಸುಗಳು ಬರುತ್ತವೆ. ಇಷ್ಟೇ ಆಗಿದ್ದರೆ ಅವರ ದುಡ್ಡು, ಅವರ ಹೆಗಲು ಎಂದು ಸುಮ್ಮನಿರಬಹುದಾಗಿತ್ತು. ಆದರೆ ಹತ್ತು ಲಕ್ಷ ಹಾಕಿದವನಿಗೆ ಹತ್ತು ಲಕ್ಷದ ಚಿತ್ರ ಬೇಕೆನಿಸುತ್ತದೆ. ಬರಿಗೈಯಲ್ಲಿ ಮರಳುವುದು ಅವಮಾನವೆನಿಸುತ್ತದೆ. ಆಗ ಗೂಡಿಗೆ ಅಡ್ಡವಾದ ಕೊಂಬೆಯನ್ನು ಕಡಿಯುತ್ತಾರೆ. ನೆರಳು ತಪ್ಪಿ ಮರಿಗಳು ಬಿಸಿಲಿನಲ್ಲಿ ಬೇಯುತ್ತವೆ, ಮರೆ ತಪ್ಪಿ ಕಾಗೆಯ ಕಣ್ಣಿಗೆ ಬೀಳುತ್ತವೆ. ಹುಳು ಎರಚಿ ಕರೆಯುತ್ತಾರೆ, ಧ್ವನಿ ಮುದ್ರಿಸಿಕೊಂಡ ಕೂಗನ್ನು ನುಡಿಸಿ ಮೋಸಗೊಳಿಸುತ್ತಾರೆ. ಎಲ್ಲರೂ ಹೀಗೆಂದು ನಾನು ಹೇಳುತ್ತಿಲ್ಲ. ಗೂಡಿನ ಹತ್ತಿರ ಸುಳಿಯದ ಸಜ್ಜನರು ಎಷ್ಟೋ ಮಂದಿ ಇದ್ದಾರೆ. ಆದರೆ ಸಲಕರಣೆಯ ಬೆಲೆ ಏರಿದಷ್ಟೂ ತಾಳ್ಮೆ ಇಳಿಯುವುದನ್ನು ಕಂಡಿದ್ದೇನೆ. ಕೊಂಡದ್ದಕ್ಕೆ ಚಿತ್ರ ಬೇಕೆಂಬ ಹಟಕ್ಕೆ ಹಕ್ಕಿ ಬಲಿಯಾಗಬಾರದು.

ಈ ಮೋಹ ಉಳ್ಳವರಲ್ಲೇ ನಿಂತಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಅದು ಹುಡುಗರಿಗೆ ತಗುಲಿದೆ. ನಮ್ಮ ಕಾಲೇಜಿನ ವಿದ್ಯಾರ್ಥಿಯೊಬ್ಬ, ಮೂರು ಎಕರೆ ಖುಷ್ಕಿಯ ರೈತನ ಮಗ, ಇಪ್ಪತ್ತನಾಲ್ಕು ತಿಂಗಳ ಕಂತಿನ ಮೇಲೆ ಒಂದು ಕ್ಯಾಮರಾ ತಂದ. ಕಂತು ಕಟ್ಟಲು ಭಾನುವಾರಗಳಂದು ಕಲ್ಯಾಣಮಂಟಪದಲ್ಲಿ ಬಡಿಸುವ ಕೆಲಸಕ್ಕೆ ಹೋಗುತ್ತಾನೆ. ‘ಚಿತ್ರ ತೋರಿಸಪ್ಪ’ ಎಂದರೆ, ‘ಇನ್ನೂ ಒಳ್ಳೇ ಲೆನ್ಸ್ ತಗೊಂಡಿಲ್ಲ ಸಾರ್’ ಎಂದ. ಬಿಡುವಿನ ಭಾನುವಾರವೂ ಹೋಯಿತು, ಬಸ್ಸಿನ ಖರ್ಚೂ ಹೋಯಿತು. ಕ್ಯಾಮರಾ ಮಾತ್ರ ಉಳಿಯಿತು. ಇದಕ್ಕೂ ಮೊದಲು ಅದೇ ಹುಡುಗ ತನ್ನ ಮೊಬೈಲಿನಲ್ಲಿ, ಕುಲುಮೆಯ ಮುಂದೆ ಕೂತ ತನ್ನೂರಿನ ಕಮ್ಮಾರನ ಚಿತ್ರವೊಂದನ್ನು ತೆಗೆದಿದ್ದ. ಬೆಂಕಿಯ ಬೆಳಕು ಒಂದೇ ಕೆನ್ನೆಗೆ ಬಿದ್ದಿತ್ತು. ಅದು ಮೊಬೈಲಿನದೆಂದು ಈಗ ನಾಚುತ್ತಾನೆ. ಈ ನಾಚಿಕೆಯನ್ನು ಅವನಿಗೆ ಕಲಿಸಿದವರು ಯಾರು? ಚಿತ್ರದ ಕೆಳಗೆ ಚೀಟಿ ಅಂಟಿಸುವ ನಾವೇ.

ನಮ್ಮ ಕಾವ್ಯಮೀಮಾಂಸೆಯಲ್ಲಿ ಮಮ್ಮಟ ಕಾವ್ಯಕ್ಕೆ ಕಾರಣಗಳನ್ನು ಹೇಳುತ್ತಾನೆ: ಶಕ್ತಿ, ನಿಪುಣತೆ, ಅಭ್ಯಾಸ. ಹುಟ್ಟಿನಿಂದ ಬಂದದ್ದು ಶಕ್ತಿ. ಲೋಕವನ್ನೂ ಶಾಸ್ತ್ರವನ್ನೂ ಕಾವ್ಯಗಳನ್ನೂ ಚೆನ್ನಾಗಿ ನೋಡಿದ್ದರಿಂದ ಬರುವುದು ನಿಪುಣತೆ. ಬಲ್ಲವರಿಂದ ತಿದ್ದಿಸಿಕೊಂಡು ಮತ್ತೆ ಮತ್ತೆ ಮಾಡುವುದು ಅಭ್ಯಾಸ. ಛಾಯಾಚಿತ್ರಕ್ಕೂ ಈ ಮೂರೇ ಕಾರಣ. ಲೋಕವನ್ನು ನೋಡಬೇಕು, ಬೆಳಕಿನ ಶಾಸ್ತ್ರವನ್ನು ತಿಳಿಯಬೇಕು, ಒಳ್ಳೆಯ ಚಿತ್ರಗಳನ್ನು ಕಾಣಬೇಕು. ಮೂರರಲ್ಲಿ ಒಂದೂ ಅಂಗಡಿಯಲ್ಲಿ ಸಿಕ್ಕುವುದಿಲ್ಲ.

ಆದರೂ ಅಂಗಡಿಗೆ ಹೋಗಲೇಬೇಕಾದವರಿಗೆ ನಾಲ್ಕು ಮಾತು. ಎಂಟು ಹತ್ತು ವರ್ಷದ ಹಿಂದಿನ ಕ್ಯಾಮರಾ ಸಾಕು. ಆಗಲೂ ೨೪ ಮೆಗಾಪಿಕ್ಸೆಲ್ ಸಾಮಾನ್ಯವಾಗಿತ್ತು. ಬಳಸಿದ್ದನ್ನು ಕೊಳ್ಳುವಾಗ ಲೆನ್ಸಿನ ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಲೆನ್ಸು ಒಂದೇ ಇರಲಿ: ದೊಡ್ಡ ಸೆನ್ಸರಿಗೆ ೫೦ ಮಿಲಿಮೀಟರು, ಚಿಕ್ಕದಕ್ಕೆ ೩೫. ಒಂದು ವರ್ಷ ಅದನ್ನು ಬದಲಿಸಬೇಡಿ. ಹತ್ತಿರದ ಚಿತ್ರ ಬೇಕಾದರೆ ಕಾಲು ಮುಂದಿಡಿ. ಉಳಿದ ಹಣದಲ್ಲಿ ಗಟ್ಟಿಯಾದ ಒಂದು ಟ್ರೈಪಾಡ್ ಕೊಳ್ಳಿ. ಅದಿದ್ದರೆ ಅಲುಗಾಡದ ವಸ್ತುವಿಗೆ ಮಬ್ಬು ಬೆಳಕೂ ಸಾಕು. ತಿಂಗಳಿಗೆ ಒಂದರಂತೆ ಹನ್ನೆರಡು ಚಿತ್ರ ಮುದ್ರಿಸಿ ಗೋಡೆಗೆ ಹಾಕಿ, ವರ್ಷದ ಕೊನೆಗೆ ನೋಡಿ. ನಿಮ್ಮ ಕೊರತೆ ಕ್ಯಾಮರಾದಲ್ಲಿದೆಯೋ ಕಣ್ಣಿನಲ್ಲಿದೆಯೋ ಗೋಡೆಯೇ ಹೇಳುತ್ತದೆ. ಇನ್ನೊಂದು ಮಾತು ಮಲೆನಾಡಿನವರಿಗೂ ಕರಾವಳಿಯವರಿಗೂ ಗೊತ್ತಿರುವುದೇ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಹಾಕಿ ಬೀರುವಿನ ಕತ್ತಲೆಯಲ್ಲಿಟ್ಟ ಲೆನ್ಸಿಗೆ ಬೂಷ್ಟು ಬರುತ್ತದೆ. ಗಾಳಿ ಬೆಳಕು ಕಾಣುತ್ತ ಕೈಯಲ್ಲಿ ಓಡಾಡುವ ಲೆನ್ಸಿಗೆ ಬರುವುದು ಅಪರೂಪ. ಬಳಸದೆ ಕೂಡಿಟ್ಟವರಿಗೆ ಪ್ರಕೃತಿಯೇ ವಿಧಿಸಿರುವ ದಂಡ ಇದು.

ಪ್ರದರ್ಶನ ನಡೆಸುವವರಲ್ಲಿ ನನ್ನದೊಂದು ಬೇಡಿಕೆ. ಒಂದೇ ಒಂದು ವರ್ಷ ಆ ಚೀಟಿಗಳನ್ನು ನಿಲ್ಲಿಸಿ. ಕ್ಯಾಮರಾದ ಹೆಸರಿನ ಜಾಗದಲ್ಲಿ ಊರಿನ ಹೆಸರು, ದಿನಾಂಕ ಬರೆಯಿಸಿ. ಒಪ್ಪಿಗೆಯಿದ್ದರೆ ಚಿತ್ರದಲ್ಲಿರುವ ಮನುಷ್ಯನ ಹೆಸರನ್ನೂ ಬರೆಯಿಸಿ. ಮೊಬೈಲಿನಲ್ಲಿ ತೆಗೆದದ್ದೂ ಹತ್ತು ಲಕ್ಷದ್ದೂ ಅಕ್ಕಪಕ್ಕ ತೂಗಲಿ. ತೀರ್ಪುಗಾರರಿಗೆ ಕಣ್ಣಿದ್ದರೆ ಅಷ್ಟರಿಂದಲೇ ತೀರ್ಪು ಕೊಟ್ಟಾರು.

ಏಕೆಂದರೆ ಹೊತ್ತು ಮೀರುತ್ತಿದೆ. ಕೊಯ್ಲಿನ ಯಂತ್ರ ಬಂದ ಮೇಲೆ ರಾಶಿ ಮಾಡುವ ಕಣಗಳು ಅಪರೂಪವಾಗಿವೆ. ತೊಟ್ಟಿಮನೆಗಳು ಒಂದೊಂದಾಗಿ ಉರುಳುತ್ತಿವೆ. ಮಾಡಿನ ಬೆಳಕಿಂಡಿಯಿಂದ ಒಲೆಯ ಹೊಗೆಯ ಮೇಲೆ ಓರೆಯಾಗಿ ಬೀಳುತ್ತಿದ್ದ ಆ ಬಿಸಿಲಕೋಲು ಅವುಗಳೊಂದಿಗೇ ಹೋಗುತ್ತದೆ. ಯಾವ ದೇಶದ ದೊಡ್ಡ ಛಾಯಾಗ್ರಾಹಕನೂ ಅದನ್ನು ಹುಡುಕಿಕೊಂಡು ನಿಮ್ಮೂರಿಗೆ ಬರುವುದಿಲ್ಲ. ಬಾಗಿಲು ತಟ್ಟದೆ ಒಳಗೆ ಹೋಗುವ ಸಲಿಗೆ ನಿಮಗೆ ಮಾತ್ರ ಉಂಟು. ಮುಂದಿನ ವರ್ಷ ಇನ್ನೂ ಒಳ್ಳೆಯ ಕ್ಯಾಮರಾ ಖಂಡಿತ ಬರುತ್ತದೆ. ಆ ಮನೆ ಮುಂದಿನ ವರ್ಷ ಇರುತ್ತದೆಯೆ?