ಎರಡು ನದಿಗಳ ನಡುವಿನ ಹಸಿವು

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಇಂತಹ ರಾಯಚೂರು ಜಿಲ್ಲೆಯ ಸಣ್ಣ ರೈತ ಮನೆಗೆ ಬೀಗ ಹಾಕಿ, ಹೆಂಡತಿ-ಮಕ್ಕಳೊಂದಿಗೆ ಬೆಂಗಳೂರಿನ ಕಟ್ಟಡ ಕಾಮಗಾರಿಗಳಿಗೆ ಗುಳೆ ಹೋಗುವುದೇಕೆ? ಮಳೆ ಕೈಕೊಟ್ಟಿತು ಎಂಬುದು ಸರಕಾರಗಳ ಸಿದ್ಧ ಉತ್ತರ. ಮಳೆಯನ್ನು ದೂರಿದರೆ ಯಾರೂ ರಾಜೀನಾಮೆ ನೀಡಬೇಕಾಗುವುದಿಲ್ಲ ತಾನೇ?

ವಾಸ್ತವದಲ್ಲಿ ಇಲ್ಲಿನ ಬಡತನ ಆಕಾಶದಿಂದ ಇಳಿದದ್ದಲ್ಲ, ವ್ಯವಸ್ಥೆಯಿಂದ ಹುಟ್ಟಿದ್ದು. 1953ರಲ್ಲಿ ಪೂರ್ಣಗೊಂಡ ತುಂಗಭದ್ರಾ ಅಣೆಕಟ್ಟಿನ ಎಡದಂಡೆ ಕಾಲುವೆಯ ಉದ್ದೇಶ ಬರದಿಂದ ರಕ್ಷಣೆ ನೀಡುವುದಾಗಿತ್ತು. ಜೋಳ, ಹತ್ತಿ, ಶೇಂಗಾದಂತಹ ಬೆಳೆಗಳಿಗೆ ಸ್ವಲ್ಪ ಸ್ವಲ್ಪ ನೀರನ್ನು ಹೆಚ್ಚು ಹೊಲಗಳಿಗೆ ಹಂಚುವುದು ಮೂಲ ಯೋಜನೆ. ಆದರೆ ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹರಡಿದವು. ಅಕ್ರಮ ಪೈಪುಗಳೂ ಪಂಪ್‌ಸೆಟ್‌ಗಳೂ ಕಾಲುವೆಗೆ ಬಾಯಿ ಹಾಕಿದವು. ಮಾನ್ವಿ, ಸಿರವಾರ, ರಾಯಚೂರಿನ ಕೊನೆಯ ಭಾಗದ ರೈತ ಮೈಲ್ 104ರ ಗೇಜ್ ಕಡೆಗೆ ಕಣ್ಣು ನೆಟ್ಟು ಕುಳಿತ. ಅಲ್ಲಿ ನಿಗದಿತ ಮಟ್ಟದ ನೀರು ಕಾಯ್ದುಕೊಳ್ಳಿ ಎಂಬುದಷ್ಟೇ ಅವನ ಬೇಡಿಕೆ. ಅದಕ್ಕಾಗಿ ಅವನು ಪದೇ ಪದೇ ರಸ್ತೆಗಿಳಿಯಬೇಕಾಗಿ ಬಂದಿದೆ.

133 ಟಿಎಂಸಿಯಷ್ಟಿದ್ದ ಜಲಾಶಯದ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105 ಟಿಎಂಸಿಗೆ ಇಳಿದಿದೆ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ನೀರು ಕಡಿಮೆಯಾದರೆ ಮೊದಲು ಒಣಗುವುದು ಕೊನೆಯ ಹೊಲ. ಪ್ರಭಾವವಿದ್ದವನ ತೂಬು ಮುಚ್ಚಿಸುವ ಧೈರ್ಯ ಯಾವ ಪಕ್ಷದ ಸರಕಾರಕ್ಕೆ ಇದ್ದಿತ್ತು?

ದೇವದುರ್ಗದ ಕಥೆ ಇನ್ನೂ ಕಠೋರ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿಯೇ ಅದನ್ನು ರಾಜ್ಯದ 39 ಅತ್ಯಂತ ಹಿಂದುಳಿದ ತಾಲೂಕುಗಳ ಸಾಲಿಗೆ ಸೇರಿಸಿತ್ತು. ನಾರಾಯಣಪುರ ಬಲದಂಡೆ ಕಾಲುವೆ ತಲುಪದ ಹೊಲಗಳಲ್ಲಿ ಮಳೆಯೇ ಆಧಾರ, ಹತ್ತಿ-ತೊಗರಿಯೇ ಬದುಕು. ಅವುಗಳ ಬೆಲೆ ನಿರ್ಧಾರವಾಗುವುದು ದೆಹಲಿಯಲ್ಲಿ. ಕೇಂದ್ರ ಸರಕಾರ 2025ರ ಆಗಸ್ಟ್ 19ರಿಂದ ಹತ್ತಿಯ ಮೇಲಿನ ಶೇ. 11ರ ಆಮದು ಸುಂಕವನ್ನು ಕೈಬಿಟ್ಟು, ಆ ವಿನಾಯಿತಿಯನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿತು. ನಮ್ಮ ಹೊಲಗಳಲ್ಲಿ ಹತ್ತಿ ಅರಳುವುದು ಅದೇ ತಿಂಗಳುಗಳಲ್ಲಿ! ಗಿರಣಿಗಳಿಗೆ ಅಗ್ಗದ ಹತ್ತಿ ಸಿಗದಿದ್ದರೆ ಕಾರ್ಮಿಕರ ಗತಿಯೇನು ಎಂದು ಸಮರ್ಥಿಸುವವರಿದ್ದಾರೆ. ಗಿರಣಿಗೆ ನೆರವು ಬೇಕಾದರೆ ಖಜಾನೆಯಿಂದ ಕೊಡಲಿ. ಎರಡೆಕರೆಯ ರೈತನ ಜೇಬಿನಿಂದ ಏಕೆ ಕೊಡಬೇಕು?

ಬೆಂಬಲ ಬೆಲೆ ಇದೆಯಲ್ಲ ಎನ್ನಬಹುದು. ಆದರೆ ಖರೀದಿ ಕೇಂದ್ರದ ಬಾಗಿಲು ತೆರೆಯುವವರೆಗೆ ಸಾಲಗಾರ ಕಾಯುವುದಿಲ್ಲ. ಹತ್ತಿ ಮಾರಲು ‘ಕಪಾಸ್ ಕಿಸಾನ್’ ಆ್ಯಪ್‌ನಲ್ಲಿ ನೋಂದಣಿಯಾಗಬೇಕು, ಅದಕ್ಕೆ ಪಹಣಿ ಬೇಕು. ಲಾವಣಿಗೆ ಭೂಮಿ ಪಡೆದು ದುಡಿಯುವವನ ಹೆಸರು ಪಹಣಿಯಲ್ಲಿ ಎಲ್ಲಿದೆ? 1974ರ ಭೂಸುಧಾರಣಾ ತಿದ್ದುಪಡಿ ಗೇಣಿಯನ್ನು ನಿಷೇಧಿಸಿತು. ಆ ಕಾನೂನು ಅಸಂಖ್ಯ ಗೇಣಿದಾರರನ್ನು ಒಡೆಯರನ್ನಾಗಿಸಿತು ಎಂಬುದು ನಿರ್ವಿವಾದ. ಆದರೆ ಇಂದು ಬಾಯಿಮಾತಿನ ಒಪ್ಪಂದದ ಮೇಲೆ ಉಳುವವನು ಕಾನೂನಿನ ಕಣ್ಣಿಗೆ ಇಲ್ಲವೇ ಇಲ್ಲ. ಬೆಳೆ ನಷ್ಟ ಅವನದು, ಪರಿಹಾರ ಒಡೆಯನದು. ಬ್ಯಾಂಕಿನ ಬಾಗಿಲು ಮುಚ್ಚಿದ ಮೇಲೆ ಅವನಿಗೆ ಉಳಿಯುವುದು ಬಡ್ಡಿಯ ಬಾಗಿಲು. ಮೈಕ್ರೋ ಫೈನಾನ್ಸ್ ಕಿರುಕುಳ ತಡೆಯಲು ರಾಜ್ಯವು 2025ರಲ್ಲಿ ಕಾನೂನು ತಂದದ್ದು ಸ್ವಾಗತಾರ್ಹ. ಆದರೆ ವಸೂಲಿಗಾರನನ್ನು ತಡೆದ ಮಾತ್ರಕ್ಕೆ ಸಾಲದ ಅಗತ್ಯ ನೀಗುವುದೇ?

ಇದು ಹಳ್ಳಿಯವರ ಸಮಸ್ಯೆ, ಪಟ್ಟಣದ ನಮಗೇನು ಎಂದು ಭಾವಿಸುವವರು ನಮ್ಮಲ್ಲಿಯೂ ಇದ್ದಾರೆ. ಮಳೆಯಿಂದ ಬೆಳೆದುದರಲ್ಲಿ ಹತ್ತನೆಯ ಒಂದು ಪಾಲು, ಶ್ರಮ ಮತ್ತು ವೆಚ್ಚದಿಂದ ನೀರುಣಿಸಿ ಬೆಳೆದುದರಲ್ಲಿ ಇಪ್ಪತ್ತನೆಯ ಒಂದು ಪಾಲು ಎಂಬುದು ಉಶ್ರ್‌ನ ನಿಯಮ. ಶ್ರಮ ಹೆಚ್ಚಿದಷ್ಟೂ ಹೊರೆ ಇಳಿಸುವ ನ್ಯಾಯವಿದು. ನಮ್ಮ ಮಾರುಕಟ್ಟೆಯದು ಇದಕ್ಕೆ ತದ್ವಿರುದ್ಧ ನ್ಯಾಯ. ದಲ್ಲಾಳಿಯ ಕಮಿಷನ್ ಭರಿಸಬೇಕಾದವನು ಖರೀದಿದಾರನೇ ಹೊರತು ರೈತನಲ್ಲ ಎಂಬುದು ಎಪಿಎಂಸಿ ನಿಯಮ. ಅಂಗಡಿಯಿರುವವರು, ಭೂಮಿಯನ್ನು ಲಾವಣಿಗೆ ಕೊಟ್ಟವರು ತಮ್ಮ ಲೆಕ್ಕದ ಪುಸ್ತಕವನ್ನು ಒಮ್ಮೆ ತೆರೆದು ನೋಡಲಿ. ಪರಿಹಾರದ ಹಣ ಬಂದಾಗ ಅದು ಯಾರ ಬೆವರಿನದೆಂದು ಕೇಳಿಕೊಳ್ಳಲಿ.

ಬೇಡಿಕೆಗಳು ದೊಡ್ಡವೇನಲ್ಲ. ಮೈಲ್ 104ರ ನೀರಿನ ಮಟ್ಟವನ್ನು ಪ್ರತಿದಿನ ಪ್ರಕಟಿಸಲಿ, ತಪ್ಪಿದರೆ ಅಧಿಕಾರಿಯನ್ನು ಹೊಣೆ ಮಾಡಲಿ. ಫಸಲು ಮನೆಗೆ ಬರುವ ಮುನ್ನವೇ ಖರೀದಿ ಕೇಂದ್ರಗಳು ತೆರೆಯಲಿ. ಒಡೆತನದ ಹಕ್ಕಿಗೆ ಧಕ್ಕೆಯಾಗದಂತೆ ಉಳುವವನ ಹೆಸರು ದಾಖಲಾಗಲಿ. ಸಾಲವೂ ಪರಿಹಾರವೂ ಅವನಿಗೇ ತಲುಪಲಿ. ಇವುಗಳಿಗೆ ಹೊಸ ಅಣೆಕಟ್ಟು ಬೇಕಾಗಿಲ್ಲ. ಬೇಕಾಗಿರುವುದು ಬಲಾಢ್ಯರಿಗೆ ‘ಇಲ್ಲ’ ಎನ್ನಬಲ್ಲ ಒಂದು ಸರಕಾರ.

ಅನ್ನ ಬೆಳೆಯುವವನನ್ನೇ ರೇಷನ್ ಸಾಲಿನಲ್ಲಿ ನಿಲ್ಲಿಸಿ ಅದನ್ನೇ ಕಲ್ಯಾಣವೆಂದು ಕರೆಯುವುದಾದರೆ, ಕಲ್ಯಾಣ ಯಾರದು?