ಓದು ದುಪ್ಪಟ್ಟಾಯ್ತಂತೆ, ಗುಳೆ ಹೋದ ಮಕ್ಕಳನ್ನು ಯಾರು ಎಣಿಸಿದರು?

ಮೂರು ವರ್ಷದ ಹಿಂದೆ ನಾನೊಂದು ಸುದ್ದಿ ಬರೆದಿದ್ದೆ. ಒಂದು ಸಂಸ್ಥೆಯವರು ನಮ್ಮ ತಾಲೂಕಿನ ಕೆಲವು ಸರ್ಕಾರಿ ಶಾಲೆಗಳಲ್ಲಿ ಓದಿನ ಕಾರ್ಯಕ್ರಮ ನಡೆಸಿದ್ದರು. ಕಥೆಪುಸ್ತಕದ ಪೆಟ್ಟಿಗೆ, ಗೋಡೆಗೆ ಚಾರ್ಟು, ವಾರಕ್ಕೆರಡು ದಿನ ಬರುವ ಸ್ವಯಂಸೇವಕಿ. ಸಮಾರೋಪಕ್ಕೆ ನಮ್ಮನ್ನೂ ಕರೆದರು. ಶಾಮಿಯಾನ, ಉಪ್ಪಿಟ್ಟು, ಶಿರಾ, ಕೊನೆಗೆ ಕೈಗೊಂದು ಪ್ರೆಸ್ ನೋಟ್. ‘ಓದಬಲ್ಲ ಮಕ್ಕಳ ಸಂಖ್ಯೆ ದುಪ್ಪಟ್ಟು’ ಅಂತಿತ್ತು. ಇದ್ದದ್ದನ್ನು ಇದ್ದಂಗೇ ಟೈಪ್ ಮಾಡಿ ಕಳಿಸಿದೆ. ಮರುದಿನ ಜಿಲ್ಲಾ ಪುಟದಲ್ಲಿ ಬಂತು.

ಎರಡು ತಿಂಗಳಾದ ಮೇಲೆ ನಮ್ಮ ಓಣಿಯ ಹುಡುಗನೊಬ್ಬ ಕಿರಾಣಿ ಅಂಗಡಿ ಕಟ್ಟೆ ಮೇಲೆ ಸಿಕ್ಕ. ಅದೇ ಕಾರ್ಯಕ್ರಮದ ಶಾಲೆ, ನಾಲ್ಕನೇ ತರಗತಿ. ನನ್ನ ಸುದ್ದಿ ಬಂದ ಪೇಪರನ್ನೇ ಕೈಗೆ ಕೊಟ್ಟು ಓದು ಅಂದೆ. ‘ಕಾರ್ಯಕ್ರಮ’ ಅನ್ನುವ ಪದದ ಹತ್ತಿರ ನಿಂತುಬಿಟ್ಟ. ಒತ್ತಕ್ಷರ ಬಂದಲ್ಲೆಲ್ಲ ತಲೆ ತಗ್ಗಿಸಿದ. ಅವನ ಅಜ್ಜಿಗೆ ಸಿಟ್ಟು ಬಂತು. “ಸಾಲಿ ಪುಸ್ತಕ ಕೊಡ್ರಿ ಅವಂಗ, ಹೆಂಗ್ ಓದ್ತಾನ ನೋಡ್ರಿ” ಅಂದಳು. ಕೊಟ್ಟೆ. ಗಡಗಡ ಓದಿದ. ನಡುವೆ ಪುಟ ಮುಚ್ಚಿದೆ, ಆದರೂ ನಿಲ್ಲಲಿಲ್ಲ. ಪರೀಕ್ಷೆಗೆ ಯಾವ ಪಾಠ ಕೊಟ್ಟಿದ್ದರು ಅಂತ ಕೇಳಿದರೆ, “ಇದss ರಿ” ಅಂದ.

ಸಂಸ್ಥೆಯವರು ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಆ ಸ್ವಯಂಸೇವಕಿ ಪಾಪ ಬಿಸಿಲಲ್ಲಿ ಬಸ್ಸಿಳಿದು ನಡೆದು ಬರುತ್ತಿದ್ದಳು. ನನ್ನ ತಕರಾರು ಆ ಅಂಕಿಯ ಮೇಲೆ, ಮತ್ತೆ ಅದು ಹೆಂಗೆ ಹುಟ್ಟಿತು ಅಂತ ಕೇಳದೆ ಅಚ್ಚು ಹಾಕಿದ ನನ್ನಂಥವರ ಮೇಲೆ.

ನಮಗೆ ಅಳತೆ ಗೊತ್ತಿಲ್ಲದ ವಿಷಯವೇನಲ್ಲ. ಬೆಳೆ ವಿಮೆಗೆ ಬೆಳೆ ಕಟಾವು ಪ್ರಯೋಗ ಮಾಡುತ್ತಾರಲ್ಲ, ಯಾವ ಹೊಲ ಅಂತ ರೈತನೂ ಆರಿಸುವಂತಿಲ್ಲ, ವಿಮೆ ಕಂಪನಿಯೂ ಆರಿಸುವಂತಿಲ್ಲ. ಮೊದಲೇ ಲಾಟರಿಯಂತೆ ಆರಿಸಿರುತ್ತಾರೆ. ಸಾಹೇಬರು ಹೊಲಕ್ಕೆ ಬರದೆ ಕಚೇರಿಯಲ್ಲೇ ಕೂತು ಇಳುವರಿ ಬರೆದರೆ ನಾವು ತಹಶೀಲ್ದಾರ್ ಕಚೇರಿ ಮುಂದೆ ಧರಣಿ ಕೂಡುತ್ತೇವೆ. ಮಕ್ಕಳ ಓದಿನ ವಿಷಯಕ್ಕೆ ಬಂದರೆ ಕಾರ್ಯಕ್ರಮ ನಡೆಸಿದವರೇ ಪಾಠ ಆರಿಸಿ, ಅವರೇ ಮಕ್ಕಳನ್ನು ಕೂರಿಸಿ, ಅವರೇ ಅಂಕ ಹಾಕುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ.

ಇನ್ನು ಗುಳೆ. ಇದನ್ನು ಕಲ್ಯಾಣ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ತರಗತಿಯಲ್ಲಿ 20 ಮಕ್ಕಳಿದ್ದಾರೆ, ಜೂನ್‌ನಲ್ಲಿ 10 ಮಕ್ಕಳು ಓದುತ್ತಾರೆ ಅಂದುಕೊಳ್ಳಿ. ಅಂದರೆ ಶೇ. 50. ದೀಪಾವಳಿ ಕಳೆದ ಮೇಲೆ ಐದು ಮಕ್ಕಳು ಅಪ್ಪ ಅವ್ವನ ಜೊತೆ ಕಬ್ಬು ಕಡಿಯಲಿಕ್ಕೋ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಹೋದರು. ಐವರೂ ಓದು ಬಾರದವರೇ. ಮಾರ್ಚ್ ಪರೀಕ್ಷೆಗೆ ಉಳಿದವರು 15, ಓದುವವರು ಅದೇ 10. ಈಗ ಶೇ. 67 ಆಯಿತು! ಒಂದು ಮಗುವೂ ಒಂದಕ್ಷರ ಹೊಸದಾಗಿ ಕಲಿತಿಲ್ಲ, ಆದರೂ ವರದಿಯಲ್ಲಿ 17 ಅಂಶ ಏರಿಕೆ.

ಅದಿಲ್ಲದಿದ್ದರೂ ಮಕ್ಕಳು ಬೆಳೆಯುತ್ತಾರೆ. ತೊಗರಿಗೆ ಹೊಸ ಗೊಬ್ಬರ ಹಾಕಿದವನು ಅದು ಹೌದೋ ಅಲ್ಲವೋ ತಿಳಿಯಬೇಕಾದರೆ ಪಕ್ಕದಲ್ಲಿ ನಾಲ್ಕು ಸಾಲು ಹಾಕದೆ ಬಿಡುತ್ತಾನೆ. ‘ಅಸರ್’ ಸಮೀಕ್ಷೆ ನೋಡಿ. ದೇಶದ ಹಳ್ಳಿಗಳ ಸರ್ಕಾರಿ ಶಾಲೆಯ 3ನೇ ತರಗತಿಯಲ್ಲಿ, 2ನೇ ತರಗತಿ ಮಟ್ಟದ ಪಾಠ ಓದಬಲ್ಲವರು 2022ರಲ್ಲಿ ಶೇ. 16.3 ಇದ್ದರು, 2024ರಲ್ಲಿ ಶೇ. 23.4 ಆದರು. ಕೊರೊನಾದಲ್ಲಿ ಮುಚ್ಚಿದ್ದ ಶಾಲೆ ತೆರೆದ ಮೇಲಿನ ಏರಿಕೆ ಇದು. ಆ ಎರಡು ವರ್ಷದಲ್ಲಿ ಯಾವ ಸಂಸ್ಥೆ ಯಾವ ಶಾಲೆಗೆ ಕಾಲಿಟ್ಟಿದ್ದರೂ ‘ನಮ್ಮಿಂದಲೇ’ ಅನ್ನಬಹುದಿತ್ತು. (ಅಸರ್‌ನವರು ಮನೆಗೇ ಬಂದು ಒಂದೊಂದೇ ಮಗುವನ್ನು ಓದಿಸಿ ನೋಡುತ್ತಾರೆ, ಶಾಲೆ ಬಿಟ್ಟ ಮಕ್ಕಳನ್ನೂ ಎಣಿಸುತ್ತಾರೆ. ಗುಳೆ ಹೋದವರ ಮನೆಯಲ್ಲಿ ಅವರಿಗೂ ಬೀಗವೇ ಸಿಗುತ್ತದೆ, ಆ ಮಾತು ಬೇರೆ.)

ಸರಿಯಾಗಿ ಅಳೆದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಪ್ರಥಮ್ ಸಂಸ್ಥೆ ಮತ್ತು ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು 280 ಹಳ್ಳಿಗಳನ್ನು ಲಾಟರಿ ಹಾಕಿ ಗುಂಪು ಮಾಡಿದರು. ಕೆಲವು ಹಳ್ಳಿಗಳಲ್ಲಿ ಸಭೆ ಮಾಡಿ ಮಾಹಿತಿ ಕೊಟ್ಟರು. ಕೆಲವು ಕಡೆ ಜೊತೆಗೆ ಮಕ್ಕಳ ಓದನ್ನು ಪರೀಕ್ಷಿಸುವುದನ್ನು ಊರವರಿಗೇ ಕಲಿಸಿದರು. ಇನ್ನು ಕೆಲವು ಕಡೆ ಇವೆರಡರ ಜೊತೆಗೆ ಊರಿನ ಯುವಕರಿಗೆ ತರಬೇತಿ ಕೊಟ್ಟು ಓದಿನ ಶಿಬಿರ ನಡೆಸಿದರು. ಕೆಲವು ಹಳ್ಳಿಗಳಲ್ಲಿ ಏನೂ ಮಾಡಲಿಲ್ಲ. ಕೊನೆಗೆ ಸಭೆ, ಮಾಹಿತಿ, ಪರೀಕ್ಷೆ ಇಷ್ಟರಿಂದಲೇ ಮಕ್ಕಳ ಓದು ಸುಧಾರಿಸಲಿಲ್ಲ. ಶಿಬಿರಕ್ಕೆ ಬಂದ ಮಕ್ಕಳು ಕಲಿತರು. ಆದರೆ ಬಂದವರೇ ಕಡಿಮೆ. ಈ ಕಹಿಯನ್ನೂ ಅವರು ಬರೆದರು. ಯಾವುದಕ್ಕೆ ದುಡ್ಡು ಹಾಕಬೇಕು ಅಂತ ಗೊತ್ತಾಗಿದ್ದು ಅದರಿಂದಲೇ.

ಇನ್ನೊಂದು ಗೀಳು ನಿಮಿಷಕ್ಕೆಷ್ಟು ಪದ ಅನ್ನುವುದು. ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಪ್ರಕಾರ 3ನೇ ತರಗತಿಯ ಮಗು ನಿಮಿಷಕ್ಕೆ ಕನಿಷ್ಠ 60 ಪದ, ಅರ್ಥ ತಿಳಿದು ಓದಬೇಕು. ಹಿಂದಿಯಲ್ಲಿ ‘ಘರ್ ಮೇ’ ಎರಡು ಪದ, ನಮ್ಮಲ್ಲಿ ‘ಮನೆಯಲ್ಲಿ’ ಒಂದೇ. ‘ಮನೆಯಲ್ಲಿದ್ದವರಿಗೆ’ ಅಂದರೂ ಒಂದೇ! ಎಲ್ಲ ಭಾಷೆಗೂ ಒಂದೇ ಗಡಿಯಾರ ಹಿಡಿದರೆ ಕನ್ನಡದ ಮಗು ಸೋತಂತೆ ಕಾಣುತ್ತದೆ. 2022ರ ಅಧ್ಯಯನದಲ್ಲಿ ಎನ್‌ಸಿಇಆರ್‌ಟಿಯೇ ಭಾಷೆಗೊಂದು ಮಾನದಂಡ ಇಟ್ಟಿತು. ಅದಕ್ಕಿಂತ ದೊಡ್ಡ ಮಾತೆಂದರೆ ಆ ‘ಅರ್ಥ ತಿಳಿದು’ ಅನ್ನುವುದು. ಮನೆಯಲ್ಲಿ ಲಂಬಾಣಿ ಮಾತಾಡುವ ತಾಂಡಾದ ಹುಡುಗಿ ಕನ್ನಡ ಪಾಠ ಸರಸರ ಓದಿ ಮುಗಿಸಬಹುದು, ಅದರಲ್ಲಿ ಏನಿತ್ತು ಅಂದರೆ ಸುಮ್ಮನಾಗಬಹುದು. ಗಡಿಯಾರದ ಲೆಕ್ಕದಲ್ಲಿ ಆಕೆ ಪಾಸು.

ಮೇಷ್ಟ್ರುಗಳು ಗೊಣಗುತ್ತಾರೆ, ಈಗಲೇ ಆ್ಯಪ್ ತುಂಬುವುದರಲ್ಲಿ ಅರ್ಧ ದಿನ ಹೋಗುತ್ತದೆ ಅಂತ. ನಿಜ. ನಾನು ಕೇಳುತ್ತಿರುವುದು ಇನ್ನೊಂದು ಆ್ಯಪ್ ಅಲ್ಲ. ಮಗು ಯಾವತ್ತೂ ನೋಡದ ಒಂದು ಪುಟ, ಐದು ನಿಮಿಷ, ಆ ಶಾಲೆಗೂ ಆ ಸಂಸ್ಥೆಗೂ ಸಂಬಂಧವಿಲ್ಲದ ಒಬ್ಬರು. ಓದಿದ ಮೇಲೆ ಅದರ ಬಗ್ಗೆ ಎರಡು ಪ್ರಶ್ನೆ. ಬೇಸಿಗೆ ರಜೆ ಮುಗಿದ ಮೇಲೆ ಇನ್ನೊಮ್ಮೆ.

ಅಂಕಿ ಕೆಟ್ಟದಾಗಿ ಬಂದರೆ ಇರುವ ಪುಸ್ತಕದ ಪೆಟ್ಟಿಗೆಯೂ ವಾಪಸ್ ಹೋಗುತ್ತದೆ ಅಂತ ಗೆಳೆಯರೊಬ್ಬರು ಹೆದರಿಸಿದರು. ನನ್ನ ಹೆದರಿಕೆ ಬೇರೆ. ಓದು ಬಾರದ ಹುಡುಗನ ಹೆಸರಿನ ಮುಂದೆ ‘ಓದಬಲ್ಲ’ ಅಂತ ಬಿದ್ದರೆ, ಅವನನ್ನು ಮತ್ತೆ ಯಾರೂ ಪಕ್ಕಕ್ಕೆ ಕೂರಿಸಿಕೊಂಡು ಒತ್ತಕ್ಷರ ಕಲಿಸುವುದಿಲ್ಲ. ಕಟ್ಟೆ ಮೇಲಿನ ಹುಡುಗ ಈಗ ಏಳನೇ ತರಗತಿ. ಸಮಾಜ ವಿಜ್ಞಾನದ ಪುಸ್ತಕ ಚೀಲದಲ್ಲಿದೆ, ತೆಗೆಯುವುದಿಲ್ಲ.

ಎಸ್‌ಡಿಎಂಸಿ ಸಭೆ, ಮಕ್ಕಳ ಗ್ರಾಮಸಭೆ ನಡೆದಾಗ ಯಾರಾದರೂ ಇಂಥ ವರದಿ ಓದಿದರೆ, ಪರೀಕ್ಷೆ ದಿನ ಗೈರಾದವರು ಎಷ್ಟು ಅಂತ ಮೊದಲು ಕೇಳಿ. ಕಾರ್ಯಕ್ರಮ ಇಲ್ಲದ ಪಕ್ಕದೂರಿನ ಶಾಲೆಯಲ್ಲಿ ಎಷ್ಟು ಏರಿತು ಅಂತಲೂ ಕೇಳಿ.

ಮುಂದಿನ ತಿಂಗಳ ಸಮಾರೋಪವೊಂದಕ್ಕೆ ನನಗೆ ಕರೆ ಬಂದಿದೆ. ಹೋಗುತ್ತೇನೆ, ಉಪ್ಪಿಟ್ಟೂ ತಿನ್ನುತ್ತೇನೆ. ಪ್ರೆಸ್ ನೋಟ್ ಕೈಗೆ ಬಂದ ಕೂಡಲೇ ಗೈರುಹಾಜರಿ ಪಟ್ಟಿ ಕೇಳುತ್ತೇನೆ. ಕೊಡಲಿಲ್ಲ ಅಂದರೆ ಕೊಡಲಿಲ್ಲ ಅನ್ನುವುದೇ ಸುದ್ದಿ.